ರಾಷ್ಟ್ರ ತಂಡಗಳ ಅಂತರರಾಷ್ಟ್ರೀಯ ಚಾಂಪಿಯನ್‌ಷಿಪ್: ಖೋ ಖೋ ಮತ್ತು ಐಸ್ ಹಾಕಿ ಉದಾಹರಣೆಗಳೊಂದಿಗೆ ಕ್ರೀಡಾ ಪ್ರಮಾಣಪತ್ರಗಳ ಮಾನ್ಯತೆ ಕುರಿತು ಸಾರ್ವಜನಿಕ ಮಾಹಿತಿ

(ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಅರ್ಜಿದಾರರ ಗಮನಕ್ಕೆ)

1. ಪೀಠಿಕೆ

ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗವು ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳನ್ನು ಒಳಗೊಂಡಿರುತ್ತದೆ. ಈ ತಾಲ್ಲೂಕುಗಳ ಗ್ರಾಮೀಣ ಶಾಲೆಗಳಲ್ಲಿ ಖೋ ಖೋ, ಕಬಡ್ಡಿ, ವಾಲಿಬಾಲ್ ಹಾಗೂ ಅಥ್ಲೆಟಿಕ್ಸ್ ಕ್ರೀಡೆಗಳಲ್ಲಿ ತೊಡಗಿರುವ ವಿದ್ಯಾರ್ಥಿಗಳು ಮುಂದೆ ವೃತ್ತಿ ಶಿಕ್ಷಣದ ಕ್ರೀಡಾ ಕೋಟಾ, ಸರ್ಕಾರಿ ನೇಮಕಾತಿ, ನಗದು ಪುರಸ್ಕಾರ ಹಾಗೂ ಪ್ರಶಸ್ತಿಗಳಿಗಾಗಿ ಅರ್ಜಿ ಸಲ್ಲಿಸುವ ಸಂದರ್ಭಗಳು ಒದಗುತ್ತವೆ. ಅಂತಹ ಅರ್ಜಿಗಳ ಜೊತೆಯಲ್ಲಿ ಲಗತ್ತಿಸುವ ಕ್ರೀಡಾ ಪ್ರಮಾಣಪತ್ರವು ಮಾನ್ಯವೇ ಅಥವಾ ಅಲ್ಲವೇ ಎಂಬುದರ ಮೇಲೆ ಅರ್ಜಿಯ ಭವಿಷ್ಯವು ನಿಂತಿರುತ್ತದೆ.

"ಅಂತರರಾಷ್ಟ್ರೀಯ", "ವಿಶ್ವ", "ಏಷ್ಯನ್", "ಇಂಡಿಯಾ ತಂಡ" ಮುಂತಾದ ಪದಗಳು ಮುದ್ರಿತವಾಗಿರುವ ಎಲ್ಲ ಪ್ರಮಾಣಪತ್ರಗಳೂ ರಾಷ್ಟ್ರವನ್ನು ಪ್ರತಿನಿಧಿಸಿದ ದಾಖಲೆಗಳಾಗುವುದಿಲ್ಲ. ಪಂದ್ಯವು ವಿದೇಶದಲ್ಲಿ ನಡೆದಿದೆ ಎಂಬ ಕಾರಣದಿಂದಾಗಲೀ, ಪದಕ ದೊರೆತಿದೆ ಎಂಬ ಕಾರಣದಿಂದಾಗಲೀ ಅದು ರಾಷ್ಟ್ರ ತಂಡಗಳ ಪಂದ್ಯಾವಳಿ ಎನಿಸಿಕೊಳ್ಳುವುದಿಲ್ಲ. ಆಟಗಾರನನ್ನು ಆಯ್ಕೆ ಮಾಡಿದವರು ಯಾರು, ಅವರಿಗೆ ಆ ಅಧಿಕಾರವನ್ನು ನೀಡಿದವರು ಯಾರು ಎಂಬ ಎರಡು ಪ್ರಶ್ನೆಗಳಿಗೆ ದೊರೆಯುವ ಉತ್ತರವೇ ಪ್ರಮಾಣಪತ್ರದ ಮೌಲ್ಯವನ್ನು ನಿರ್ಧರಿಸುತ್ತದೆ. ಈ ವಿಷಯವನ್ನು ಪೋಷಕರು ಹಣ ಪಾವತಿಸುವ ಮೊದಲೇ ತಿಳಿದಿರುವುದು ಅವಶ್ಯಕವಾದ್ದರಿಂದ, ನೆರೆಯ ತಾಲ್ಲೂಕಿನ ಆಟಗಾರ್ತಿಯೊಬ್ಬರು ಪಾಲ್ಗೊಂಡ ಖೋ ಖೋ ವಿಶ್ವಕಪ್ ಹಾಗೂ ವಿಶ್ವಮಟ್ಟದಲ್ಲಿ ಬಹುಕಾಲದಿಂದ ವ್ಯವಸ್ಥಿತವಾಗಿ ನಡೆಯುತ್ತಿರುವ ಐಸ್ ಹಾಕಿ ಚಾಂಪಿಯನ್‌ಷಿಪ್ ಎಂಬ ಎರಡು ಉದಾಹರಣೆಗಳ ಮೂಲಕ ಇಲ್ಲಿ ವಿವರಿಸಲಾಗಿದೆ.

2. ರಾಷ್ಟ್ರ ತಂಡಗಳ ಚಾಂಪಿಯನ್‌ಷಿಪ್ ಎಂದರೇನು?

ರಾಷ್ಟ್ರ ತಂಡಗಳ ಚಾಂಪಿಯನ್‌ಷಿಪ್ ಎಂದರೆ ಒಂದು ಕ್ರೀಡೆಯ ಅಂತರರಾಷ್ಟ್ರೀಯ ಒಕ್ಕೂಟವು ತನ್ನ ಸದಸ್ಯ ರಾಷ್ಟ್ರಗಳ ತಂಡಗಳಿಗಾಗಿ ನಡೆಸುವ ಅಥವಾ ಅಧಿಕೃತವಾಗಿ ಅನುಮೋದಿಸುವ ಪಂದ್ಯಾವಳಿ. ಇದರಲ್ಲಿ ಈ ಕೆಳಕಂಡ ಅಂಶಗಳು ಇರುತ್ತವೆ:

(ಅ) ಪ್ರತಿ ರಾಷ್ಟ್ರದಿಂದ ಆ ಕ್ರೀಡೆಯ ಒಂದೇ ಒಂದು ಮಾನ್ಯ ರಾಷ್ಟ್ರೀಯ ಒಕ್ಕೂಟವು ತಂಡವನ್ನು ಕಳುಹಿಸುತ್ತದೆ.

(ಆ) ತಂಡದ ಆಟಗಾರರು ಆ ರಾಷ್ಟ್ರದ ನಾಗರಿಕರಾಗಿದ್ದು, ಅದನ್ನು ಪಾಸ್‌ಪೋರ್ಟ್ ಮೂಲಕ ರುಜುವಾತುಪಡಿಸಬೇಕಾಗುತ್ತದೆ.

(ಇ) ಆಟಗಾರರ ಆಯ್ಕೆಯು ರಾಷ್ಟ್ರೀಯ ಪಂದ್ಯಾವಳಿ, ಆಯ್ಕೆ ಪರೀಕ್ಷೆ ಹಾಗೂ ತರಬೇತಿ ಶಿಬಿರಗಳ ಮೂಲಕ ನಡೆಯುತ್ತದೆ. ಶುಲ್ಕ ಪಾವತಿಸಿದವರಿಗೆಲ್ಲ ತಂಡದಲ್ಲಿ ಸ್ಥಾನ ದೊರೆಯುವ ಪದ್ಧತಿ ಇರುವುದಿಲ್ಲ.

(ಈ) ಪಂದ್ಯಗಳ ಫಲಿತಾಂಶ ಹಾಗೂ ಆಟಗಾರರ ಪಟ್ಟಿಯು ಅಂತರರಾಷ್ಟ್ರೀಯ ಒಕ್ಕೂಟದ ದಾಖಲೆಗಳಲ್ಲಿ ಸೇರ್ಪಡೆಯಾಗುತ್ತದೆ.

ಇದಕ್ಕೆ ಭಿನ್ನವಾಗಿ ಕ್ಲಬ್‌ಗಳ ಪಂದ್ಯಾವಳಿ, ಆಹ್ವಾನಿತ ಪಂದ್ಯಾವಳಿ, ಲೀಗ್ ಪಂದ್ಯಗಳು ಹಾಗೂ ಪ್ರದರ್ಶನ ಪಂದ್ಯಗಳು ಬೇರೆ ವರ್ಗಕ್ಕೆ ಸೇರುತ್ತವೆ. ಅವುಗಳಲ್ಲಿ ಉತ್ತಮ ಆಟ ನಡೆಯಬಹುದು, ಅನುಭವವೂ ದೊರೆಯಬಹುದು. ಆದರೆ ಅವುಗಳಲ್ಲಿ ಪಾಲ್ಗೊಂಡ ಮಾತ್ರಕ್ಕೆ ದೇಶವನ್ನು ಪ್ರತಿನಿಧಿಸಿದಂತೆ ಆಗುವುದಿಲ್ಲ.

3. ನೆರೆಯ ಉದಾಹರಣೆ: ಖೋ ಖೋ ವಿಶ್ವಕಪ್, 2025

ಖೋ ಖೋ ಕ್ರೀಡೆಯ ಮೊದಲ ವಿಶ್ವಕಪ್ ಪಂದ್ಯಾವಳಿಯು 2025ರ ಜನವರಿ 13ರಿಂದ 19ರವರೆಗೆ ನವದೆಹಲಿಯ ಇಂದಿರಾ ಗಾಂಧಿ ಒಳಾಂಗಣ ಕ್ರೀಡಾಂಗಣದಲ್ಲಿ ನಡೆಯಿತು. 23 ರಾಷ್ಟ್ರಗಳು ಪಾಲ್ಗೊಂಡಿದ್ದು, ಪುರುಷರ ವಿಭಾಗದಲ್ಲಿ 20 ಹಾಗೂ ಮಹಿಳೆಯರ ವಿಭಾಗದಲ್ಲಿ 19 ತಂಡಗಳು ಸೆಣಸಿದವು. ಜನವರಿ 19ರಂದು ನಡೆದ ಅಂತಿಮ ಪಂದ್ಯಗಳಲ್ಲಿ ಭಾರತದ ಮಹಿಳಾ ತಂಡವು ನೇಪಾಳವನ್ನು 78-40 ಅಂಕಗಳಿಂದಲೂ, ಪುರುಷರ ತಂಡವು ನೇಪಾಳವನ್ನೇ 54-36 ಅಂಕಗಳಿಂದಲೂ ಸೋಲಿಸಿ ಎರಡೂ ವಿಭಾಗಗಳ ಪ್ರಶಸ್ತಿಯನ್ನು ಪಡೆದವು. ಮಹಿಳಾ ತಂಡಕ್ಕೆ ಪ್ರಿಯಾಂಕಾ ಇಂಗಳೆ ಹಾಗೂ ಪುರುಷರ ತಂಡಕ್ಕೆ ಪ್ರತೀಕ್ ವಾಯ್ಕರ್ ನಾಯಕತ್ವ ವಹಿಸಿದ್ದರು.

ಈ ಎರಡು ತಂಡಗಳಲ್ಲಿ ಕರ್ನಾಟಕದ ಇಬ್ಬರು ಆಟಗಾರರಿದ್ದರು. ಪುರುಷರ ತಂಡದಲ್ಲಿ ಎಂ.ಕೆ. ಗೌತಮ್ ಹಾಗೂ ಮಹಿಳಾ ತಂಡದಲ್ಲಿ ಬಿ. ಚೈತ್ರಾ. ಚೈತ್ರಾ ಅವರು ಮೈಸೂರು ಜಿಲ್ಲೆ ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರು ಗ್ರಾಮದವರು. ಅಂತಿಮ ಪಂದ್ಯದಲ್ಲಿ ಅವರು ಅಂಕಣದೊಳಗೆ ದೀರ್ಘಕಾಲ ಸಿಕ್ಕಿಬೀಳದೆ ಓಡಿ ತಂಡಕ್ಕೆ ರಕ್ಷಣೆಯ ಅಂಕಗಳನ್ನು ಗಳಿಸಿಕೊಟ್ಟರು. ಈ ಪಂದ್ಯಾವಳಿಯ ನಿಯಮದಂತೆ ಓಟಗಾರರು ನಿಗದಿತ ಅವಧಿಯನ್ನು ಮೀರಿ ಉಳಿದುಕೊಂಡರೆ ಅವರ ತಂಡಕ್ಕೇ ಅಂಕ ದೊರೆಯುತ್ತದೆ. ಇದನ್ನು "ಡ್ರೀಮ್ ರನ್" ಎಂದು ಕರೆಯಲಾಗುತ್ತದೆ.

ಕುರುಬೂರು ಗ್ರಾಮವು ಈ ಉಪವಿಭಾಗದ ಗ್ರಾಮಗಳಂತೆಯೇ ಕಾವೇರಿ ಬಯಲಿನ ಒಂದು ಕೃಷಿಕ ಗ್ರಾಮ. ಅಂತಹ ಗ್ರಾಮದಿಂದ ರಾಷ್ಟ್ರ ತಂಡಕ್ಕೆ ದಾರಿ ಇದೆ ಎಂಬುದಕ್ಕೆ ಇದು ನಿದರ್ಶನ. ಆ ದಾರಿಯು ಒಂದೇ ಜಿಗಿತದ್ದಲ್ಲ ಎಂಬುದನ್ನೂ ಗಮನಿಸಬೇಕು. ಊರಿನ ಅಂಕಣ, ಜಿಲ್ಲೆ, ರಾಜ್ಯ ತಂಡ, ರಾಷ್ಟ್ರೀಯ ಚಾಂಪಿಯನ್‌ಷಿಪ್, ರಾಷ್ಟ್ರೀಯ ಶಿಬಿರ, ಅಂತಿಮ ಪಟ್ಟಿ ಎಂಬುದು ಈ ಕ್ರೀಡೆಯಲ್ಲಿ ರಾಷ್ಟ್ರ ತಂಡಕ್ಕೆ ಏರುವ ಕ್ರಮವಾಗಿದೆ. ಪ್ರತಿ ಮೆಟ್ಟಿಲಿನಲ್ಲಿಯೂ ಒಂದು ಮಾನ್ಯ ಸಂಸ್ಥೆಯ ದಾಖಲೆ ಉಳಿಯುತ್ತದೆ. ಅರ್ಜಿ ಪರಿಶೀಲನೆಯ ಸಮಯದಲ್ಲಿ ನೋಡಲಾಗುವುದು ಈ ದಾಖಲೆಗಳ ಸರಪಳಿಯನ್ನೇ.

ವಿಶ್ವಕಪ್ ಹೊಸದಾದರೂ ಖೋ ಖೋ ಕ್ರೀಡೆಯ ಅಂತರರಾಷ್ಟ್ರೀಯ ಪಯಣವು ಹೊಸದಲ್ಲ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಇದನ್ನು ಪ್ರದರ್ಶನ ಕ್ರೀಡೆಯಾಗಿ ಆಡಿಸಲಾಗಿತ್ತು. 1996ರಲ್ಲಿ ಕೋಲ್ಕತ್ತದಲ್ಲಿ ಮೊದಲ ಏಷ್ಯನ್ ಚಾಂಪಿಯನ್‌ಷಿಪ್ ನಡೆಯಿತು. 2016ರ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಪದಕದ ಕ್ರೀಡೆಯಾಗಿ ಸೇರ್ಪಡೆಯಾಗಿ, ಭಾರತದ ಎರಡೂ ತಂಡಗಳು ಚಿನ್ನದ ಪದಕ ಗಳಿಸಿದವು. ಪ್ರದರ್ಶನ ಕ್ರೀಡೆಗೂ ಪದಕದ ಕ್ರೀಡೆಗೂ ಇರುವ ಈ ವ್ಯತ್ಯಾಸವನ್ನು ಪ್ರಮಾಣಪತ್ರ ಓದುವಾಗಲೂ ಗಮನಿಸತಕ್ಕದ್ದು.

4. ಮೆಟ್ಟಿಲು ಕ್ರಮದ ಉದಾಹರಣೆ: ವಿಶ್ವ ಐಸ್ ಹಾಕಿ ಚಾಂಪಿಯನ್‌ಷಿಪ್

ಮಣ್ಣಿನ ಅಂಕಣದ ಆಟವಾದ ಖೋ ಖೋದಿಂದ ಮಂಜುಗಡ್ಡೆಯ ಮೇಲಿನ ಆಟವಾದ ಐಸ್ ಹಾಕಿಯು ಬಹುದೂರದ್ದೆಂದು ತೋರಬಹುದು. ಆದರೆ ಕೇಂದ್ರ ಸರ್ಕಾರದ ಸಿಬ್ಬಂದಿ ಮತ್ತು ತರಬೇತಿ ಇಲಾಖೆಯು ಕ್ರೀಡಾಪಟುಗಳ ನೇಮಕಾತಿಗಾಗಿ ಗುರುತಿಸಿರುವ ಕ್ರೀಡೆಗಳ ಪಟ್ಟಿಯಲ್ಲಿ ಖೋ ಖೋ, ಕಬಡ್ಡಿ, ಆಟ್ಯಾಪಾಟ್ಯಾ, ಬಾಲ್ ಬ್ಯಾಡ್ಮಿಂಟನ್ ಜೊತೆಯಲ್ಲಿಯೇ ಐಸ್ ಹಾಕಿಯೂ ಸೇರಿರುತ್ತದೆ. ಇದಲ್ಲದೆ, ರಾಷ್ಟ್ರ ತಂಡಗಳನ್ನು ಮಟ್ಟವಾರು ವಿಂಗಡಿಸಿ ಆಡಿಸುವ ಪದ್ಧತಿಯನ್ನು ತಿಳಿಯಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ವಿರಳ.

4.1 ಸಂಘಟನೆ

ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟವು 1908ರ ಮೇ 15ರಂದು ಪ್ಯಾರಿಸ್‌ನಲ್ಲಿ ಸ್ಥಾಪನೆಯಾಯಿತು. ಇದರ ಕೇಂದ್ರ ಕಚೇರಿಯು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿದ್ದು, 80ಕ್ಕೂ ಹೆಚ್ಚು ರಾಷ್ಟ್ರೀಯ ಸಂಸ್ಥೆಗಳು ಸದಸ್ಯತ್ವ ಹೊಂದಿವೆ. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ನಡೆದ ಪಂದ್ಯಗಳನ್ನು ಮೊದಲ ವಿಶ್ವ ಚಾಂಪಿಯನ್‌ಷಿಪ್ ಎಂದು ಪರಿಗಣಿಸಲಾಗಿದೆ.

4.2 ಆಟದ ಸ್ವರೂಪ

ಆಟಗಾರರು ಸ್ಕೇಟ್ ಧರಿಸಿ, ಬಾಗಿದ ಕೋಲಿನಿಂದ "ಪಕ್" ಎಂಬ ರಬ್ಬರಿನ ಬಿಲ್ಲೆಯನ್ನು ಎದುರಾಳಿಯ ಗೋಲಿನೊಳಕ್ಕೆ ಹೊಡೆಯುತ್ತಾರೆ. ಗೋಲು ರಕ್ಷಕರೂ ಸೇರಿ ಒಂದು ತಂಡದ 6 ಆಟಗಾರರು ಏಕಕಾಲಕ್ಕೆ ಅಂಕಣದಲ್ಲಿರುತ್ತಾರೆ. ತಲಾ 20 ನಿಮಿಷಗಳ 3 ಅವಧಿಗಳಲ್ಲಿ ಆಟ ನಡೆಯುತ್ತದೆ. ಈ ಆಟದಲ್ಲಿ ಬಹಳ ವೇಗವಾಗಿ ಓಡಬೇಕಾದ್ದರಿಂದ ಆಟಗಾರರನ್ನು ಪಂದ್ಯ ನಡೆಯುತ್ತಿರುವಂತೆಯೇ ಪದೇ ಪದೇ ಬದಲಾಯಿಸಲು ಅವಕಾಶವಿದೆ.

4.3 ಮಟ್ಟಗಳು, ಬಡ್ತಿ ಮತ್ತು ಹಿಂಬಡ್ತಿ

ಎಲ್ಲ ಸದಸ್ಯ ರಾಷ್ಟ್ರಗಳೂ ಒಂದೇ ಪಂದ್ಯಾವಳಿಯಲ್ಲಿ ಆಡುವುದಿಲ್ಲ. ಪುರುಷರ ವಿಶ್ವ ಚಾಂಪಿಯನ್‌ಷಿಪ್‌ನ ಅಗ್ರ ವಿಭಾಗದಲ್ಲಿ 16 ತಂಡಗಳಿದ್ದು, ಅವುಗಳನ್ನು ತಲಾ 8ರ ಎರಡು ಗುಂಪುಗಳಾಗಿ ವಿಂಗಡಿಸಲಾಗುತ್ತದೆ. ಪ್ರತಿ ಗುಂಪಿನ ಮೊದಲ 4 ತಂಡಗಳು ಕ್ವಾರ್ಟರ್ ಫೈನಲ್‌ಗೆ ಅರ್ಹವಾಗುತ್ತವೆ. ಪ್ರತಿ ಗುಂಪಿನ ಕೊನೆಯ ತಂಡವು ಕೆಳಗಿನ ವಿಭಾಗಕ್ಕೆ ಇಳಿಯುತ್ತದೆ. ಕೆಳಗಿನ ವಿಭಾಗದ ಮೊದಲ ಎರಡು ತಂಡಗಳು ಮೇಲಕ್ಕೆ ಏರುತ್ತವೆ. ಅಗ್ರ ವಿಭಾಗದ ಕೆಳಗೆ ಒಂದನೆಯ, ಎರಡನೆಯ, ಮೂರನೆಯ ಹಾಗೂ ನಾಲ್ಕನೆಯ ವಿಭಾಗಗಳಿರುತ್ತವೆ. ಸರ್ಕಾರಿ ಸೇವೆಯ ಬಡ್ತಿ ಮತ್ತು ಹಿಂಬಡ್ತಿಗಳನ್ನು ಬಲ್ಲ ಓದುಗರಿಗೆ ಈ ಕ್ರಮವು ಸುಲಭವಾಗಿ ಅರ್ಥವಾಗುವುದು. ವ್ಯತ್ಯಾಸವೆಂದರೆ ಇಲ್ಲಿ ಸೇವಾ ಹಿರಿತನ ಲೆಕ್ಕಕ್ಕೆ ಬರುವುದಿಲ್ಲ, ಆಯಾ ವರ್ಷದ ಫಲಿತಾಂಶ ಮಾತ್ರ ಲೆಕ್ಕಕ್ಕೆ ಬರುತ್ತದೆ.

2025ರ ಅಗ್ರ ವಿಭಾಗದ ಚಾಂಪಿಯನ್‌ಷಿಪ್ ಸ್ವೀಡನ್‌ನ ಸ್ಟಾಕ್‌ಹೋಮ್ ಮತ್ತು ಡೆನ್ಮಾರ್ಕ್‌ನ ಹೆರ್ನಿಂಗ್ ನಗರಗಳಲ್ಲಿ ನಡೆಯಿತು. ಮೇ 25ರಂದು ನಡೆದ ಅಂತಿಮ ಪಂದ್ಯದಲ್ಲಿ ಅಮೆರಿಕವು ಸ್ವಿಟ್ಜರ್ಲೆಂಡನ್ನು ಹೆಚ್ಚುವರಿ ಅವಧಿಯಲ್ಲಿ 1-0 ಗೋಲಿನಿಂದ ಸೋಲಿಸಿತು.

4.4 ಭಾರತದ ಸ್ಥಾನ

ಭಾರತವು 1989ರ ಏಪ್ರಿಲ್ 27ರಂದು ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟದ ಸದಸ್ಯತ್ವ ಪಡೆಯಿತು. ಆದರೆ ಭಾರತದ ಪುರುಷರ ತಂಡವು ಒಕ್ಕೂಟದ ಪಂದ್ಯಾವಳಿಯಲ್ಲಿ ಮೊದಲ ಬಾರಿಗೆ ಆಡಿದ್ದು 2009ರಲ್ಲಿ, ಅಬುಧಾಬಿಯಲ್ಲಿ ನಡೆದ ಏಷ್ಯಾ ಚಾಲೆಂಜ್ ಕಪ್‌ನಲ್ಲಿ. ಸದಸ್ಯತ್ವಕ್ಕೂ ಮೊದಲ ಪಂದ್ಯಕ್ಕೂ ನಡುವೆ ಸುಮಾರು 20 ವರ್ಷಗಳ ಅಂತರವಿದೆ. ಭಾರತದಲ್ಲಿ ಈ ಆಟವು ಮುಖ್ಯವಾಗಿ ಲಡಾಖ್‌ನಲ್ಲಿ, ಚಳಿಗಾಲದಲ್ಲಿ ಹೆಪ್ಪುಗಟ್ಟುವ ಕೆರೆ ಕೊಳಗಳ ಮೇಲೆ ಬೆಳೆದಿರುತ್ತದೆ. ವರ್ಷವಿಡೀ ಅಭ್ಯಾಸಕ್ಕೆ ಒದಗುವ ಒಳಾಂಗಣ ಮಂಜುಗಡ್ಡೆಯ ಅಂಕಣಗಳ ಕೊರತೆಯು ಈ ವಿಳಂಬಕ್ಕೆ ಒಂದು ಪ್ರಮುಖ ಕಾರಣ.

ಮಹಿಳಾ ತಂಡವು 2016ರಲ್ಲಿ ತೈಪೆಯಲ್ಲಿ ಮೊದಲ ಬಾರಿಗೆ ಏಷ್ಯಾ ಚಾಲೆಂಜ್ ಕಪ್‌ನಲ್ಲಿ ಆಡಿತು. 2017ರಲ್ಲಿ ಬ್ಯಾಂಕಾಕ್‌ನಲ್ಲಿ ಫಿಲಿಪ್ಪೀನ್ಸ್ ತಂಡವನ್ನು 4-3 ಗೋಲುಗಳಿಂದ ಸೋಲಿಸಿ ಮೊದಲ ಜಯ ದಾಖಲಿಸಿತು. 2025ರಲ್ಲಿ ಸಂಯುಕ್ತ ಅರಬ್ ಸಂಸ್ಥಾನದ ಅಲ್ ಐನ್‌ನಲ್ಲಿ ನಡೆದ ಮಹಿಳಾ ಏಷ್ಯಾ ಕಪ್‌ನಲ್ಲಿ ಕಂಚಿನ ಪದಕ ಗಳಿಸಿತು.

2025ರ ಅಂತ್ಯದವರೆಗೆ ಭಾರತವು ವಿಶ್ವ ಚಾಂಪಿಯನ್‌ಷಿಪ್‌ನ ಯಾವುದೇ ವಿಭಾಗದಲ್ಲಿ ಆಡಿರುವುದಿಲ್ಲ. ಅದು ಆಡಿರುವುದು ಏಷ್ಯಾ ಮಟ್ಟದ ಪಂದ್ಯಾವಳಿಗಳಲ್ಲಿ. ಆದಾಗ್ಯೂ ಆ ಪಂದ್ಯಾವಳಿಗಳು ಅಂತರರಾಷ್ಟ್ರೀಯ ಒಕ್ಕೂಟವೇ ನಡೆಸಿದವುಗಳಾದ್ದರಿಂದ, ಅವುಗಳಲ್ಲಿ ಆಡಿದವರು ರಾಷ್ಟ್ರ ತಂಡದ ಆಟಗಾರರೇ ಆಗಿರುತ್ತಾರೆ. ಇದರಿಂದ ತಿಳಿಯಬೇಕಾದ ಅಂಶವೇನೆಂದರೆ, ಪಂದ್ಯಾವಳಿಯ ಹೆಸರು ದೊಡ್ಡದಾಗಿರಬೇಕಾದ ಅಗತ್ಯವಿಲ್ಲ, ಅದನ್ನು ನಡೆಸುವ ಸಂಸ್ಥೆಗೆ ಅಧಿಕಾರವಿರಬೇಕು. "ಏಷ್ಯಾ ಕಪ್" ಎಂಬ ಸಾಧಾರಣ ಹೆಸರಿನ ಅಧಿಕೃತ ಪಂದ್ಯಾವಳಿಯು "ವಿಶ್ವ ಮಹಾ ಚಾಂಪಿಯನ್‌ಷಿಪ್" ಎಂಬ ಹೆಸರಿನ ಖಾಸಗಿ ಪಂದ್ಯಾವಳಿಗಿಂತ ಹೆಚ್ಚು ಮಾನ್ಯವಾಗಿರುತ್ತದೆ.

4.5 ಸಮೀಪದ ಕ್ರೀಡೆಗಳ ಬಗ್ಗೆ ಗೊಂದಲ

ನಗರಗಳಲ್ಲಿ ಚಕ್ರದ ಸ್ಕೇಟ್ ಧರಿಸಿ ಆಡುವ ರೋಲರ್ ಹಾಕಿ ಹಾಗೂ ಮಂಜುಗಡ್ಡೆಯ ಮೇಲಿನ ಐಸ್ ಹಾಕಿ ಬೇರೆ ಬೇರೆ ಕ್ರೀಡೆಗಳಾಗಿದ್ದು, ಅವುಗಳ ಅಂತರರಾಷ್ಟ್ರೀಯ ಒಕ್ಕೂಟಗಳೂ ಬೇರೆ ಬೇರೆಯಾಗಿವೆ. ಮೈದಾನದ ಹಾಕಿಯು ಮೂರನೆಯ ಕ್ರೀಡೆ. ಒಂದು ಕ್ರೀಡೆಯ ಸಂಸ್ಥೆಯು ಇನ್ನೊಂದು ಕ್ರೀಡೆಯ ಬಗ್ಗೆ ನೀಡುವ ಪ್ರಮಾಣಪತ್ರವನ್ನು ಪರಿಗಣಿಸಲು ಬರುವುದಿಲ್ಲ.

5. ಗ್ರಾಮದ ಅಂಕಣದಿಂದ ರಾಷ್ಟ್ರ ತಂಡದವರೆಗೆ: ಹಂತಗಳು

ಈ ನಾಲ್ಕು ತಾಲ್ಲೂಕುಗಳ ಆಟಗಾರರಿಗೆ ಸಾಮಾನ್ಯವಾಗಿ ಮೂರು ಮಾರ್ಗಗಳು ಲಭ್ಯವಿವೆ.

(ಅ) ಶಾಲಾ ಮಾರ್ಗ: ಶಾಲಾ ಶಿಕ್ಷಣ ಇಲಾಖೆಯ ಕ್ರೀಡಾಕೂಟಗಳು ತಾಲ್ಲೂಕು, ಜಿಲ್ಲೆ, ವಿಭಾಗ ಹಾಗೂ ರಾಜ್ಯ ಮಟ್ಟದಲ್ಲಿ ನಡೆಯುತ್ತವೆ. ರಾಜ್ಯ ತಂಡಕ್ಕೆ ಆಯ್ಕೆಯಾದವರು ರಾಷ್ಟ್ರೀಯ ಶಾಲಾ ಕ್ರೀಡಾಕೂಟದಲ್ಲಿ ಪಾಲ್ಗೊಳ್ಳುತ್ತಾರೆ.

(ಆ) ಕ್ರೀಡಾ ಸಂಸ್ಥೆಗಳ ಮಾರ್ಗ: ಆಯಾ ಕ್ರೀಡೆಯ ಜಿಲ್ಲಾ ಸಂಸ್ಥೆ, ರಾಜ್ಯ ಸಂಸ್ಥೆ ಹಾಗೂ ರಾಷ್ಟ್ರೀಯ ಒಕ್ಕೂಟಗಳು ವಯೋಮಿತಿವಾರು ಚಾಂಪಿಯನ್‌ಷಿಪ್‌ಗಳನ್ನು ನಡೆಸುತ್ತವೆ. ರಾಷ್ಟ್ರ ತಂಡದ ಆಯ್ಕೆಯು ನಡೆಯುವುದು ಈ ಮಾರ್ಗದಲ್ಲಿ.

(ಇ) ವಿಶ್ವವಿದ್ಯಾಲಯ ಮಾರ್ಗ: ಮೈಸೂರು ವಿಶ್ವವಿದ್ಯಾಲಯ, ನಾಗಮಂಗಲ ತಾಲ್ಲೂಕು ಬಿ.ಜಿ. ನಗರದ ಆದಿಚುಂಚನಗಿರಿ ವಿಶ್ವವಿದ್ಯಾಲಯ ಮುಂತಾದ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗಳ ಮೂಲಕ ಮುಂದುವರಿಯಬಹುದು.

ಇವುಗಳಲ್ಲದೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ದಸರಾ ಕ್ರೀಡಾಕೂಟವು ತಾಲ್ಲೂಕು, ಜಿಲ್ಲೆ, ವಿಭಾಗ ಮಟ್ಟಗಳನ್ನು ದಾಟಿ ರಾಜ್ಯ ಮಟ್ಟದಲ್ಲಿ ಮೈಸೂರಿನಲ್ಲಿ ನಡೆಯುತ್ತದೆ. ಪ್ರತಿಭೆ ಗುರುತಿಸಲು ಇದು ಉತ್ತಮ ವೇದಿಕೆ. ಆದರೆ ಇದರ ಪ್ರಮಾಣಪತ್ರವು ರಾಜ್ಯದೊಳಗಿನ ಸಾಧನೆಯ ದಾಖಲೆಯಾಗಿದ್ದು, ರಾಜ್ಯವನ್ನು ಪ್ರತಿನಿಧಿಸಿ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಆಡಿದ ದಾಖಲೆಗೆ ಸಮನಾಗುವುದಿಲ್ಲ. "ರಾಜ್ಯ ಮಟ್ಟದಲ್ಲಿ ಆಡಿರುವುದು" ಮತ್ತು "ರಾಜ್ಯದ ಪರವಾಗಿ ಆಡಿರುವುದು" ಇವೆರಡರ ನಡುವಿನ ವ್ಯತ್ಯಾಸವನ್ನು ಗಮನಿಸದೆ ಅರ್ಜಿ ಭರ್ತಿ ಮಾಡಿದಲ್ಲಿ ಅರ್ಜಿಯು ತಿರಸ್ಕೃತವಾಗುವ ಸಾಧ್ಯತೆ ಇರುತ್ತದೆ.

6. ಪ್ರಮಾಣಪತ್ರವನ್ನು ಯಾರು ನೀಡಬೇಕು?

ಕೇಂದ್ರ ಸರ್ಕಾರದ ಹುದ್ದೆಗಳಿಗೆ ಕ್ರೀಡಾಪಟುಗಳ ನೇಮಕಾತಿ ಕುರಿತು ಸಿಬ್ಬಂದಿ ಮತ್ತು ತರಬೇತಿ ಇಲಾಖೆಯು 2013ರ ಅಕ್ಟೋಬರ್ 3ರಂದು ಕ್ರೋಡೀಕೃತ ಸೂಚನೆಗಳನ್ನು ಹೊರಡಿಸಿದ್ದು, ನಂತರದ ತಿದ್ದುಪಡಿಗಳೂ ಅನ್ವಯಿಸುತ್ತವೆ. ಅದರಲ್ಲಿನ ನಮೂನೆಗಳು ಸಾಮಾನ್ಯವಾಗಿ ಈ ಕೆಳಕಂಡಂತೆ ಇರುತ್ತವೆ:

ನಮೂನೆ 1: ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಭಾರತವನ್ನು ಪ್ರತಿನಿಧಿಸಿದವರಿಗೆ. ನೀಡುವವರು: ಆಯಾ ಕ್ರೀಡೆಯ ರಾಷ್ಟ್ರೀಯ ಒಕ್ಕೂಟದ ಕಾರ್ಯದರ್ಶಿ.

ನಮೂನೆ 2: ರಾಷ್ಟ್ರೀಯ ಸ್ಪರ್ಧೆಯಲ್ಲಿ ರಾಜ್ಯವನ್ನು ಪ್ರತಿನಿಧಿಸಿದವರಿಗೆ. ನೀಡುವವರು: ಆಯಾ ಕ್ರೀಡೆಯ ರಾಜ್ಯ ಸಂಸ್ಥೆಯ ಕಾರ್ಯದರ್ಶಿ.

ನಮೂನೆ 3: ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯಲ್ಲಿ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದವರಿಗೆ. ನೀಡುವವರು: ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕರು ಅಥವಾ ಕ್ರೀಡೆಯ ಉಸ್ತುವಾರಿ ಹೊಂದಿರುವ ಅಧಿಕಾರಿ.

ನಮೂನೆ 4: ರಾಷ್ಟ್ರೀಯ ಶಾಲಾ ಕ್ರೀಡಾಕೂಟದಲ್ಲಿ ರಾಜ್ಯದ ಶಾಲಾ ತಂಡವನ್ನು ಪ್ರತಿನಿಧಿಸಿದವರಿಗೆ. ನೀಡುವವರು: ಶಿಕ್ಷಣ ಇಲಾಖೆಯಲ್ಲಿ ಶಾಲಾ ಕ್ರೀಡೆಗಳ ಉಸ್ತುವಾರಿ ಹೊಂದಿರುವ ನಿರ್ದೇಶಕರ ಹಂತದ ಅಧಿಕಾರಿ.

ಸದರಿ ಸೂಚನೆಗಳಲ್ಲಿ ಮೊದಲ ಆದ್ಯತೆ ದೊರೆಯುವುದು ಕೇಂದ್ರ ಕ್ರೀಡಾ ಇಲಾಖೆಯ ಅನುಮತಿಯೊಂದಿಗೆ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ದೇಶವನ್ನು ಪ್ರತಿನಿಧಿಸಿದವರಿಗೆ. "ಅನುಮತಿಯೊಂದಿಗೆ" ಎಂಬ ಪದವನ್ನು ವಿಶೇಷವಾಗಿ ಗಮನಿಸತಕ್ಕದ್ದು. ಒಬ್ಬ ಆಟಗಾರ ತನ್ನ ಸ್ವಂತ ಖರ್ಚಿನಲ್ಲಿ, ಪ್ರವಾಸಿ ವೀಸಾದ ಮೇಲೆ ಹೋಗಿ ಆಡಿ ಬಂದ ಪಂದ್ಯವು ಈ ವ್ಯಾಖ್ಯೆಯೊಳಗೆ ಬರುವುದಿಲ್ಲ.

ರಾಜ್ಯ ಸರ್ಕಾರದ ನೇಮಕಾತಿ, ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ಹಂಚಿಕೆಯಾಗುವ ಕ್ರೀಡಾ ಕೋಟಾ ಸೀಟುಗಳು, ಏಕಲವ್ಯ ಪ್ರಶಸ್ತಿ ಹಾಗೂ ಗ್ರಾಮೀಣ ಕ್ರೀಡೆಗಳಿಗಾಗಿ ಇರುವ ಕರ್ನಾಟಕ ಕ್ರೀಡಾರತ್ನ ಪ್ರಶಸ್ತಿಗಳಿಗೆ ಪ್ರತ್ಯೇಕ ನಿಯಮಗಳಿದ್ದು, ಆಯಾ ವರ್ಷದ ಅಧಿಸೂಚನೆಯಲ್ಲಿ ಸೂಚಿಸಿರುವ ಕ್ರೀಡೆಗಳು, ಅವಧಿ ಹಾಗೂ ನಮೂನೆಗಳನ್ನು ಅನುಸರಿಸತಕ್ಕದ್ದು. ಒಂದು ಯೋಜನೆಗೆ ಮಾನ್ಯವಾದ ಪ್ರಮಾಣಪತ್ರವು ಇನ್ನೊಂದಕ್ಕೆ ತಾನಾಗಿಯೇ ಮಾನ್ಯವಾಗುತ್ತದೆಂದು ಭಾವಿಸಬಾರದು.

7. ಒಕ್ಕೂಟಕ್ಕೆ ಮಾನ್ಯತೆ ಇದೆಯೇ ಎಂದು ತಿಳಿಯುವ ಬಗೆ

ದೇಶದಲ್ಲಿ ಒಂದು ಕ್ರೀಡೆಗೆ ಒಂದೇ ರಾಷ್ಟ್ರೀಯ ಒಕ್ಕೂಟಕ್ಕೆ ಮಾನ್ಯತೆ ನೀಡುವುದು ಸರ್ಕಾರದ ನೀತಿಯಾಗಿದೆ. ಇದಕ್ಕೆ 2011ರ ರಾಷ್ಟ್ರೀಯ ಕ್ರೀಡಾ ಅಭಿವೃದ್ಧಿ ಸಂಹಿತೆಯು ಆಧಾರವಾಗಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ರಾಷ್ಟ್ರೀಯ ಕ್ರೀಡಾ ಆಡಳಿತ ಅಧಿನಿಯಮವನ್ನು ಅಂಗೀಕರಿಸಿದ್ದು, ಕ್ರೀಡಾ ಸಂಸ್ಥೆಗಳಿಗೆ ಮಾನ್ಯತೆ ನೀಡಲು ರಾಷ್ಟ್ರೀಯ ಕ್ರೀಡಾ ಮಂಡಳಿಯ ರಚನೆಗೂ, ವಿವಾದಗಳ ಇತ್ಯರ್ಥಕ್ಕಾಗಿ ನ್ಯಾಯಮಂಡಳಿಯ ಸ್ಥಾಪನೆಗೂ ಅದರಲ್ಲಿ ಅವಕಾಶ ಕಲ್ಪಿಸಲಾಗಿದೆ.

ಮಾನ್ಯ ಒಕ್ಕೂಟಗಳ ಪಟ್ಟಿಯನ್ನು ಕೇಂದ್ರ ಯುವ ವ್ಯವಹಾರ ಮತ್ತು ಕ್ರೀಡಾ ಸಚಿವಾಲಯದ ಜಾಲತಾಣದಲ್ಲಿ ಪ್ರಕಟಿಸಲಾಗುತ್ತದೆ. ಮಾನ್ಯತೆಯನ್ನು ಅಮಾನತಿನಲ್ಲಿಡುವ ಅಥವಾ ಮರಳಿ ನೀಡುವ ಸಂದರ್ಭಗಳೂ ಇರುವುದರಿಂದ, ಪಂದ್ಯ ನಡೆದ ದಿನಾಂಕದಂದು ಮಾನ್ಯತೆ ಇತ್ತೇ ಎಂಬುದನ್ನು ಪರಿಶೀಲಿಸುವುದು ಸೂಕ್ತ. ಸಂಘ ಸಂಸ್ಥೆಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿರುವುದು ಕ್ರೀಡಾ ಮಾನ್ಯತೆ ಅಲ್ಲ. ಯಾವುದೇ ಏಳು ಜನರು ಸೇರಿ ಸಂಘವನ್ನು ನೋಂದಾಯಿಸಬಹುದು, ಆದರೆ ದೇಶದ ತಂಡವನ್ನು ಆಯ್ಕೆ ಮಾಡುವ ಅಧಿಕಾರ ಅದರಿಂದ ಬರುವುದಿಲ್ಲ.

8. ಪೋಷಕರಿಗೆ ಎಚ್ಚರಿಕೆಯ ಸೂಚನೆಗಳು

ಈ ಕೆಳಕಂಡ ಲಕ್ಷಣಗಳು ಕಂಡುಬಂದಲ್ಲಿ ಹಣ ಪಾವತಿಸುವ ಮೊದಲು ವಿಚಾರಿಸಿ ತಿಳಿಯತಕ್ಕದ್ದು:

(ಅ) ಯಾವುದೇ ಆಯ್ಕೆ ಪಂದ್ಯವಿಲ್ಲದೆ, ಶುಲ್ಕ ಪಾವತಿಯ ಮೇಲೆ "ಇಂಡಿಯಾ ತಂಡ"ದಲ್ಲಿ ಸ್ಥಾನ ನೀಡುವುದಾಗಿ ಹೇಳುವುದು.

(ಆ) ಜಿಲ್ಲಾ ಹಾಗೂ ರಾಜ್ಯ ಹಂತಗಳನ್ನು ಬಿಟ್ಟು ನೇರವಾಗಿ ಅಂತರರಾಷ್ಟ್ರೀಯ ಪಂದ್ಯಾವಳಿಗೆ ಕರೆದೊಯ್ಯುವುದಾಗಿ ಹೇಳುವುದು.

(ಇ) ಒಂದೇ ರಾಷ್ಟ್ರದ ಹೆಸರಿನಲ್ಲಿ ಹಲವು ತಂಡಗಳು ಒಂದೇ ಪಂದ್ಯಾವಳಿಯಲ್ಲಿ ಆಡುವುದು.

(ಈ) ಪದಕ ಹಾಗೂ ಪ್ರಮಾಣಪತ್ರದ ಜೊತೆಗೆ ಸರ್ಕಾರಿ ಉದ್ಯೋಗ ಅಥವಾ ಸೀಟು ಖಚಿತ ಎಂದು ಭರವಸೆ ನೀಡುವುದು.

(ಉ) ಹಣವನ್ನು ಸಂಸ್ಥೆಯ ಖಾತೆಗೆ ಬದಲಾಗಿ ವ್ಯಕ್ತಿಯ ಖಾತೆಗೆ ಜಮಾ ಮಾಡಲು ಅಥವಾ ರಸೀದಿ ಇಲ್ಲದೆ ನೀಡಲು ಕೇಳುವುದು.

ರಾಷ್ಟ್ರ ತಂಡಕ್ಕೆ ಆಯ್ಕೆಯಾದ ಆಟಗಾರನ ಮನೆಯವರು ಸಾಲ ಮಾಡಿ, ಬೆಳೆಯ ಹಣವನ್ನು ಹೊಂದಿಸಿ ಪ್ರಯಾಣದ ಮೊತ್ತ ಕಟ್ಟಬೇಕಾದ ಸಂದರ್ಭ ಬಂದಲ್ಲಿ, ಸದರಿ ಆಯ್ಕೆಯ ಅಧಿಕೃತ ಪತ್ರವನ್ನು ಕೇಳಿ ಪಡೆಯುವ ಹಕ್ಕು ಅವರಿಗಿರುತ್ತದೆ. ಪತ್ರ ನೀಡಲು ಹಿಂಜರಿಯುವವರ ಮಾತನ್ನು ನಂಬಬಾರದು. ಕಳೆದ ಹಣಕ್ಕಿಂತಲೂ ದೊಡ್ಡ ನಷ್ಟವೆಂದರೆ, ಮಾನ್ಯ ಆಯ್ಕೆ ಪಂದ್ಯಗಳಲ್ಲಿ ಪಾಲ್ಗೊಳ್ಳಬೇಕಾಗಿದ್ದ ಮಗುವಿನ ಒಂದು ವರ್ಷ. ವಯೋಮಿತಿ ಮೀರಿದ ಮೇಲೆ ಆ ವರ್ಷವನ್ನು ಮರಳಿ ಪಡೆಯಲು ಬರುವುದಿಲ್ಲ.

9. ಮುಂಚಿತವಾಗಿ ಸಿದ್ಧಪಡಿಸಿಕೊಳ್ಳಬೇಕಾದ ದಾಖಲೆಗಳು

(ಅ) ಜನನ ಪ್ರಮಾಣಪತ್ರ: ವಯೋಮಿತಿ ವಿಭಾಗಗಳಲ್ಲಿ ಆಡುವವರಿಗೆ ಇದು ಮೂಲ ದಾಖಲೆ. ಶಾಲಾ ದಾಖಲೆ, ಆಧಾರ್ ಹಾಗೂ ಜನನ ಪ್ರಮಾಣಪತ್ರಗಳಲ್ಲಿ ಹೆಸರು ಮತ್ತು ಜನ್ಮ ದಿನಾಂಕ ಒಂದೇ ಆಗಿರಬೇಕು. ವ್ಯತ್ಯಾಸವಿದ್ದಲ್ಲಿ ಮೊದಲೇ ಸರಿಪಡಿಸಿಕೊಳ್ಳುವುದು.

(ಆ) ಪಾಸ್‌ಪೋರ್ಟ್: ರಾಷ್ಟ್ರ ತಂಡದ ಆಯ್ಕೆಗೆ ಇದು ಅಗತ್ಯ. ದೇಶದಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಮೊದಲ ಎರಡು ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿ ಒಂದು 2017ರ ಜನವರಿ 25ರಂದು ಮೈಸೂರಿನಲ್ಲಿ ಪ್ರಾರಂಭವಾಯಿತು. ಅರ್ಜಿಯನ್ನು ಆನ್‌ಲೈನ್ ಮೂಲಕ ಸಲ್ಲಿಸಿ ಭೇಟಿಯ ದಿನಾಂಕ ಪಡೆಯಬೇಕು. ಅಪ್ರಾಪ್ತ ವಯಸ್ಕರ ಪರವಾಗಿ ಪೋಷಕರ ಒಪ್ಪಿಗೆಯ ಘೋಷಣೆ ಅವಶ್ಯಕ.

(ಇ) ವಾಸಸ್ಥಳ, ಜಾತಿ ಹಾಗೂ ಆದಾಯ ಪ್ರಮಾಣಪತ್ರಗಳು: ಯೋಜನೆಗೆ ಅಗತ್ಯವಿದ್ದಲ್ಲಿ ಹೋಬಳಿ ಮಟ್ಟದ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಿ ಪಡೆಯಬಹುದು.

(ಈ) ಕ್ರೀಡಾ ದಾಖಲೆಗಳು: ಪ್ರತಿ ಹಂತದ ಪ್ರಮಾಣಪತ್ರ, ಆಯ್ಕೆ ಪತ್ರ ಹಾಗೂ ತಂಡದ ಪಟ್ಟಿಯ ಪ್ರತಿಯನ್ನು ವರ್ಷವಾರು ಜೋಡಿಸಿ ಇಟ್ಟುಕೊಳ್ಳುವುದು. ಪಂದ್ಯಾವಳಿಯ ಹೆಸರು, ಸ್ಥಳ, ದಿನಾಂಕ, ಗಳಿಸಿದ ಸ್ಥಾನ ಹಾಗೂ ಸಹಿ ಮಾಡಿದವರ ಪದನಾಮ ಸ್ಪಷ್ಟವಾಗಿರಬೇಕು.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ವಿದೇಶದಲ್ಲಿ ನಡೆದ ಪಂದ್ಯದಲ್ಲಿ ಚಿನ್ನದ ಪದಕ ಬಂದಿದ್ದರೂ ಪ್ರಮಾಣಪತ್ರ ತಿರಸ್ಕೃತವಾಗಬಹುದೇ?
ಉತ್ತರ: ಆಗಬಹುದು. ಮಾನ್ಯ ರಾಷ್ಟ್ರೀಯ ಒಕ್ಕೂಟದ ಮೂಲಕ ಆಯ್ಕೆಯಾಗಿರದಿದ್ದಲ್ಲಿ ಅದನ್ನು ರಾಷ್ಟ್ರ ಪ್ರತಿನಿಧಿತ್ವವೆಂದು ಪರಿಗಣಿಸಲಾಗುವುದಿಲ್ಲ.

ಪ್ರಶ್ನೆ: ಭಾರತದಲ್ಲಿಯೇ ನಡೆದ ಪಂದ್ಯಾವಳಿಯು ಅಂತರರಾಷ್ಟ್ರೀಯ ಎನಿಸಿಕೊಳ್ಳುವುದೇ?
ಉತ್ತರ: ಹೌದು. 2025ರ ಖೋ ಖೋ ವಿಶ್ವಕಪ್ ನವದೆಹಲಿಯಲ್ಲಿ ನಡೆದಿದ್ದು, ಅದು ರಾಷ್ಟ್ರ ತಂಡಗಳ ಪಂದ್ಯಾವಳಿಯೇ ಆಗಿರುತ್ತದೆ. ಸ್ಥಳವು ನಿರ್ಣಾಯಕವಲ್ಲ.

ಪ್ರಶ್ನೆ: ಲೀಗ್ ಪಂದ್ಯಗಳಲ್ಲಿ ಆಡಿದ್ದರೆ ಅದನ್ನು ರಾಷ್ಟ್ರ ತಂಡದ ಅನುಭವವೆಂದು ನಮೂದಿಸಬಹುದೇ?
ಉತ್ತರ: ನಮೂದಿಸಬಾರದು. 2022ರಲ್ಲಿ ಆರಂಭವಾದ ಅಲ್ಟಿಮೇಟ್ ಖೋ ಖೋ ಮುಂತಾದ ಲೀಗ್‌ಗಳಲ್ಲಿ ಫ್ರಾಂಚೈಸಿ ತಂಡಗಳು ಆಡುತ್ತವೆ, ರಾಷ್ಟ್ರ ತಂಡಗಳಲ್ಲ.

ಪ್ರಶ್ನೆ: ಐಸ್ ಹಾಕಿಯಂತಹ ಕ್ರೀಡೆಯಲ್ಲಿ ಈ ಭಾಗದವರು ಪಾಲ್ಗೊಳ್ಳಲು ಅವಕಾಶವಿದೆಯೇ?
ಉತ್ತರ: ಯಾವುದೇ ನಿರ್ಬಂಧವಿಲ್ಲ. ಆದರೆ ಅಭ್ಯಾಸಕ್ಕೆ ಮಂಜುಗಡ್ಡೆಯ ಅಂಕಣ ಅಗತ್ಯವಾದ್ದರಿಂದ ಹೊರ ರಾಜ್ಯಗಳಿಗೆ ಹೋಗಬೇಕಾಗಬಹುದು. ಆಯ್ಕೆಯು ಮಾನ್ಯ ಮಾರ್ಗದಲ್ಲಿಯೇ ನಡೆದಿದೆಯೇ ಎಂದು ಖಚಿತಪಡಿಸಿಕೊಳ್ಳತಕ್ಕದ್ದು.

ಪ್ರಶ್ನೆ: ಸಂಸ್ಥೆಯ ಮಾನ್ಯತೆ ಕುರಿತು ಲಿಖಿತ ಮಾಹಿತಿ ಪಡೆಯುವುದು ಹೇಗೆ?
ಉತ್ತರ: ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಸಂಬಂಧಪಟ್ಟ ಸಾರ್ವಜನಿಕ ಮಾಹಿತಿ ಅಧಿಕಾರಿಗೆ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಮಾಹಿತಿ ಒದಗಿಸಬೇಕಾಗಿರುತ್ತದೆ. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕ ವಿನಾಯಿತಿ ಇರುತ್ತದೆ.

11. ಹೆಚ್ಚಿನ ಮಾಹಿತಿಗಾಗಿ

ಪ್ರಮಾಣಪತ್ರದ ಮಾನ್ಯತೆ ಕುರಿತು ಸಂದೇಹವಿದ್ದಲ್ಲಿ, ಅರ್ಜಿ ಸಲ್ಲಿಸುವ ಕೊನೆಯ ದಿನಾಂಕದವರೆಗೆ ಕಾಯದೆ, ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ ಅಥವಾ ಮಂಡ್ಯದಲ್ಲಿರುವ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿಯನ್ನು ಸಂಪರ್ಕಿಸಬಹುದು. ಕಚೇರಿಗೆ ಬರುವಾಗ ಮೂಲ ಪ್ರಮಾಣಪತ್ರ ಹಾಗೂ ಒಂದು ನೆರಳಚ್ಚು ಪ್ರತಿಯನ್ನು ತರತಕ್ಕದ್ದು. ಪಂದ್ಯಾವಳಿಗೆ ಹಣ ಪಾವತಿಸುವ ಮೊದಲು ವಿಚಾರಿಸುವವರಿಗೆ ಆಹ್ವಾನ ಪತ್ರದ ಪ್ರತಿಯಿದ್ದರೆ ಸಾಕಾಗುತ್ತದೆ. ಮಾಹಿತಿ ಪಡೆಯಲು ಯಾವುದೇ ಮಧ್ಯವರ್ತಿಗಳ ನೆರವಿನ ಅಗತ್ಯವಿರುವುದಿಲ್ಲ.